ಇಂಗ್ಲಿಷ್ ಕಲಿಕೆ ಮತ್ತು ಐರಿಷ್ ಅನುಭವ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನೆಲೆಯಿಂದ ಒಂದು ಓದು

ಇಂಗ್ಲಿಷ್ ಕಲಿಯಲು ಕಡಲು ದಾಟುವುದು ಒಂದು ಕಾಲಕ್ಕೆ ಸಿರಿವಂತ ಮನೆತನಗಳಿಗೆ, ಐ.ಸಿ.ಎಸ್. ಆಕಾಂಕ್ಷಿಗಳಿಗೆ ಮಾತ್ರ ಸಾಧ್ಯವಿದ್ದ ಸಂಗತಿ. ಇಂದು ಅದೊಂದು ವ್ಯವಸ್ಥಿತ ಉದ್ಯಮ. ಈ ಉದ್ಯಮದಲ್ಲಿ ಐರ್ಲೆಂಡಿನ ಸ್ಥಾನ ಗಮನಾರ್ಹವಾದುದು. ಡಬ್ಲಿನ್, ಕಾರ್ಕ್, ಗಾಲ್ವೇ ನಗರಗಳ ಭಾಷಾಶಾಲೆಗಳಲ್ಲಿ ಇಪ್ಪತ್ತೈದು ವಾರಗಳ ಕೋರ್ಸಿಗೆ ಸೇರಿ, ವಾರಕ್ಕೆ ಹದಿನೈದು ಗಂಟೆ ಪಾಠ ಕೇಳಿ, ಉಳಿದ ವೇಳೆಯಲ್ಲಿ ಸ್ಥಳೀಯ ಕುಟುಂಬವೊಂದರ ಅತಿಥಿಯಾಗಿದ್ದು ಭಾಷೆಯನ್ನು ರೂಢಿಸಿಕೊಳ್ಳುವ ಪದ್ಧತಿ ಅಲ್ಲಿ ಬೇರೂರಿದೆ. ೨೦೨೦ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರನಡೆದ ಮೇಲೆ ಒಕ್ಕೂಟದೊಳಗಿನ ಇಂಗ್ಲಿಷ್ ನಾಡೆಂಬ ಆಕರ್ಷಣೆಯೂ ಅದಕ್ಕೆ ಕೂಡಿಕೊಂಡಿತು. ಭಾರತದಿಂದ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಸ್ನಾತಕೋತ್ತರ ಪದವಿಗೆ, ಆಸ್ಪತ್ರೆಗಳ ಮತ್ತು ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆ ಹೋಗುವವರು. ಇಂಗ್ಲಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ವಿಮಾನ ಹತ್ತುವವರು. ಆದರೂ ಪರೀಕ್ಷೆಯ ಇಂಗ್ಲಿಷ್ ಮುಗಿದು ಬದುಕಿನ ಇಂಗ್ಲಿಷ್ ಆರಂಭವಾಗುವುದು ಅಲ್ಲಿನ ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ.

ಇಂತಹ ಕಲಿಕೆಯನ್ನು ಕುರಿತ ಪ್ರಚಾರ ಸಾಹಿತ್ಯವೆಲ್ಲ ಒಂದೇ ಧಾಟಿಯಲ್ಲಿ ಮಾತನಾಡುತ್ತದೆ: ಇಂಗ್ಲಿಷನ್ನು ಕಲಿಯಿರಿ, ಅದರ ಜೊತೆಗೆ ಐರಿಷ್ ಸಂಸ್ಕೃತಿಯನ್ನೂ ಸವಿಯಿರಿ ಎಂಬುದು ಅದರ ಸಾರ. ಇಲ್ಲಿ ‘ಜೊತೆಗೆ’ ಎಂಬ ಮಾತು ಪರಿಶೀಲನೆಗೆ ಅರ್ಹವಾಗಿದೆ. ಭಾಷೆ ಊಟ, ಸಂಸ್ಕೃತಿ ಉಪ್ಪಿನಕಾಯಿ ಎಂಬಂತಹ ಗ್ರಹಿಕೆ ಅದರ ಹಿಂದಿದೆ. ವಾಸ್ತವವಾಗಿ ಐರ್ಲೆಂಡಿನಲ್ಲಿ ಇಂಗ್ಲಿಷ್ ಕಲಿಯುವುದೆಂದರೆ, ಇಂಗ್ಲಿಷಿಗಾಗಿ ತನ್ನ ನುಡಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಜನರಿಂದ ಇಂಗ್ಲಿಷ್ ಕಲಿಯುವುದೇ ಆಗಿದೆ. ಆ ನಷ್ಟದ ಗುರುತುಗಳು ಅಲ್ಲಿನ ಇಂಗ್ಲಿಷಿನ ವಾಕ್ಯವಾಕ್ಯದಲ್ಲೂ ಇವೆ. ಅಲ್ಲಿ ಭಾಷೆಯ ಕಲಿಕೆ ಹಾಗೂ ಸಂಸ್ಕೃತಿಯ ಅನುಭವ ಎರಡಲ್ಲ.

ಈ ಸಂಗತಿಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನೆಲೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಾಲಾ ಶಿಕ್ಷಣದ ಆಡಳಿತದಲ್ಲಿ ಈ ನಾಲ್ಕು ತಾಲ್ಲೂಕುಗಳು ಪ್ರತ್ಯೇಕ ಘಟಕ. ಬಹುಭಾಗ ಆಂಧ್ರಪ್ರದೇಶದ ನೆಲದಿಂದಲೇ ಸುತ್ತುವರಿದ ಪಾವಗಡದ ಅನೇಕ ಮನೆಗಳ ಮಾತು ತೆಲುಗು. ಶಿರಾ ಪಟ್ಟಣದ ಓಣಿಗಳಲ್ಲಿ ದಖನಿ ಉರ್ದು ಕೇಳಿಸುತ್ತದೆ. ಅದೇ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯ ನಾದದೊಂದಿಗೆ ಜುಂಜಪ್ಪನ ಕಥನ ಕನ್ನಡದಲ್ಲಿ ಹರಿಯುತ್ತದೆ. ಶಾಲೆಯ ಭಾಷೆ ಕನ್ನಡ, ತಂದೆತಾಯಿಗಳ ಹಂಬಲ ಇಂಗ್ಲಿಷ್. ಒಂದೇ ಶೈಕ್ಷಣಿಕ ಜಿಲ್ಲೆಯೊಳಗೆ ಇಷ್ಟು ಪದರಗಳಿರುವುದರಿಂದ, ಕನ್ನಡ–ಇಂಗ್ಲಿಷ್ ಎಂಬ ಎರಡೇ ತುದಿಗಳ ವಾದ ಇಲ್ಲಿ ನಿಲ್ಲುವುದಿಲ್ಲ. ಐರ್ಲೆಂಡಿನ ಚರಿತ್ರೆ ಈ ಭಾಗದ ಕನ್ನಡ ಅಧ್ಯಾಪಕರಿಗೆ ಒದಗಿಸುವ ಒಳನೋಟವೂ ಈ ಕಾರಣಕ್ಕಾಗಿಯೇ ಸರಳವಾದುದಲ್ಲ.

ಬೇಲಿಶಾಲೆ ಮತ್ತು ಕೂಲಿಮಠ

ಹದಿನೆಂಟನೆಯ ಶತಮಾನದ ಐರ್ಲೆಂಡಿನಲ್ಲಿ ಕ್ಯಾಥೊಲಿಕರ ಶಿಕ್ಷಣಕ್ಕೆ ಕಾನೂನಿನ ನಿರ್ಬಂಧವಿದ್ದಾಗ ಬೇಲಿಯ ಮರೆಯಲ್ಲಿ, ಕೊಟ್ಟಿಗೆಗಳಲ್ಲಿ ಪಾಠ ನಡೆಯುತ್ತಿತ್ತು. ಊರವರು ಕೊಟ್ಟದ್ದನ್ನು ಪಡೆದು ಕಲಿಸುವ ಮೇಷ್ಟರು ಅಲ್ಲಿದ್ದರು. ಇವನ್ನು ಬೇಲಿಶಾಲೆಗಳೆಂದು ಕರೆಯಲಾಯಿತು. ಹಳೆಯ ಮೈಸೂರಿನ ಕೂಲಿಮಠಗಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವೆನಿಸದು. ೧೮೩೧ರಲ್ಲಿ ಐರ್ಲೆಂಡಿನಲ್ಲಿ ಸರ್ಕಾರದ ಅನುದಾನದಿಂದ ನಡೆಯುವ ‘ರಾಷ್ಟ್ರೀಯ ಶಾಲೆ’ಗಳು ಆರಂಭಗೊಂಡವು. ಅವುಗಳ ಬೋಧನಾಭಾಷೆ ಇಂಗ್ಲಿಷ್. ಅದೇ ೧೮೩೧ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿತು. ಇದು ಕಾಕತಾಳೀಯವೇ ಇರಬಹುದು. ಆದರೆ ಎರಡೂ ನಾಡುಗಳ ಊರಶಾಲೆಗಳು ಇಲಾಖೆಯ ಶಾಲೆಗಳಿಗೆ ಎಡೆಮಾಡಿಕೊಟ್ಟ ಕಾಲಘಟ್ಟ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಪರಿಣಾಮದಲ್ಲಿ. ಮೈಸೂರಿನ ಹಳ್ಳಿಶಾಲೆಗಳು ಕನ್ನಡದಲ್ಲಿಯೇ ಮುಂದುವರಿದವು. ಐರ್ಲೆಂಡಿನಲ್ಲಿ ಹಾಗಾಗಲಿಲ್ಲ. ಬ್ರಯನ್ ಫ್ರೀಲ್‌ನ ‘ಟ್ರಾನ್ಸ್‌ಲೇಷನ್ಸ್’ ನಾಟಕ (೧೯೮೦) ಈ ಪಲ್ಲಟವನ್ನೇ ವಸ್ತುವಾಗಿಸಿಕೊಂಡಿದೆ. ೧೮೩೩ರ ಬೇಲಿಶಾಲೆಯೊಂದರ ಸುತ್ತ ನಡೆಯುವ ಆ ನಾಟಕದಲ್ಲಿ ಸೈನಿಕ ಸರ್ವೇಕ್ಷಕರು ಐರಿಷ್ ಊರಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿ ನಕ್ಷೆಗಿಳಿಸುತ್ತಾರೆ. ‘ಮದ್ದಗಿರಿ’ ‘ಮಧುಗಿರಿ’ಯಾದುದನ್ನೂ, ಪಾವಗಡದ ಕ್ಯಾತಗಾನಚೆರ್ಲು, ರಾಯಚೆರ್ಲುಗಳಂತಹ ಹೆಸರುಗಳಲ್ಲಿ ತೆಲುಗಿನ ಕೆರೆ ಕನ್ನಡದ ದಾಖಲೆಯೊಳಗೆ ಉಳಿದುಕೊಂಡಿರುವುದನ್ನೂ ಬಲ್ಲ ಸ್ಥಳನಾಮ ಸಂಶೋಧಕರಿಗೆ ಈ ನಾಟಕ ಬೇರೆಯದೇ ಸ್ವಾರಸ್ಯವನ್ನು ಕೊಟ್ಟೀತು.

ಐರಿಷ್ ನುಡಿಯ ಅವನತಿಯ ಹೊಣೆಯನ್ನು ಶಾಲೆಯೊಂದರ ಮೇಲೆಯೇ ಹೊರಿಸುವುದು ಸರಿಯಾಗಲಾರದು. ೧೮೪೫ರಿಂದ ೧೮೫೨ರವರೆಗಿನ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ನಾಡು ತೊರೆದರು. ಐರಿಷ್ ಹೆಚ್ಚಾಗಿ ಉಳಿದಿದ್ದ ಪಶ್ಚಿಮದ ಬಡ ಪ್ರದೇಶಗಳೇ ಹೆಚ್ಚು ಬರಿದಾದವು. ೧೮೫೧ರ ಜನಗಣತಿಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ, ಅಂದರೆ ಶೇಕಡ ೨೩ರಷ್ಟು ಮಂದಿ ಐರಿಷ್ ಬಲ್ಲವರೆಂದು ದಾಖಲಾಗಿತ್ತು. ೧೮೯೧ರ ವೇಳೆಗೆ ಆ ಸಂಖ್ಯೆ ೬.೮ ಲಕ್ಷಕ್ಕೆ ಇಳಿಯಿತು. ಅಮೆರಿಕಕ್ಕೆ ಹಡಗು ಹತ್ತಬೇಕಾದ ಮಗುವಿಗೆ ಐರಿಷ್ ಏಕೆ ಎಂದು ತಂದೆತಾಯಿಗಳೇ ಕೇಳತೊಡಗಿದ್ದರು.

ಇಲ್ಲಿ ಉಲ್ಲೇಖಿಸಲೇಬೇಕಾದ ಒಂದು ವಸ್ತುವಿದೆ. ಐರಿಷ್‌ನಲ್ಲಿ ಅದಕ್ಕೆ ‘ಬಾಟಾ ಸ್ಕೋರ್’ ಎಂದು ಹೆಸರು. ಕನ್ನಡದಲ್ಲಿ ಎಣಿಕೆಯ ಕೋಲು ಎನ್ನಬಹುದು. ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟಿ, ಅದು ಐರಿಷ್ ಮಾತನಾಡಿದಾಗಲೆಲ್ಲ ಕೋಲಿನ ಮೇಲೊಂದು ಗೀರು ಹಾಕಿ, ಕೊನೆಗೆ ಗೀರುಗಳನ್ನು ಎಣಿಸಿ ಏಟು ಕೊಡಲಾಗುತ್ತಿತ್ತು. ಗಮನಿಸಬೇಕಾದ ಅಂಶವೆಂದರೆ ಈ ಕೋಲಿನ ಮೇಲೆ ಗೀರು ಹಾಕುತ್ತಿದ್ದವರು ಮೇಷ್ಟರು ಮಾತ್ರವಲ್ಲ. ಮನೆಯಲ್ಲಿ ತಂದೆತಾಯಿಗಳೂ ಹಾಕುತ್ತಿದ್ದರು. ತಮಗೆ ಇಂಗ್ಲಿಷ್ ಬಾರದ, ಐರಿಷ್‌ನಲ್ಲಿಯೇ ನಕ್ಕು ಅತ್ತು ಬಾಳಿದ ತಂದೆತಾಯಿಗಳು ಮಗುವಿನ ಬಾಯಿಂದ ಆ ನುಡಿಯನ್ನು ಕೀಳಲು ನೆರವಾದರು. ಅವರಿಗೆ ಮಗುವಿನ ಮೇಲೆ ಪ್ರೀತಿಯಿರಲಿಲ್ಲ ಎನ್ನುವಂತಿಲ್ಲ. ಪ್ರೀತಿಯಿದ್ದುದರಿಂದಲೇ ಹಾಗೆ ಮಾಡಿದರು. ವಸಾಹತುಶಾಹಿಯ ಯಜಮಾನಿಕೆಯನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ತಪ್ಪಿಸಿಕೊಂಡು ಹೋಗುವುದು ಈ ಪ್ರೀತಿಯ ಮುಂದೆ. ಇಂದು ಮಧುಗಿರಿಯ ರಸ್ತೆಗಳಲ್ಲಿ ಬೆಳಗಿನ ಹೊತ್ತು ಸಾಲುಗಟ್ಟುವ ಹಳದಿ ಬಸ್ಸುಗಳಿಗೆ ಮಕ್ಕಳನ್ನು ಹತ್ತಿಸುವ, ಶೇಂಗಾ ಬೆಳೆದು ಸಾಲ ಮಾಡಿ ಫೀಜು ಕಟ್ಟುವ ರೈತರ ನಡೆಯನ್ನು ಕನ್ನಡದ್ರೋಹವೆಂದು ಬಣ್ಣಿಸುವ ಲೇಖನಗಳು ಇದೇ ಕಾರಣಕ್ಕೆ ಗುರಿ ತಪ್ಪುತ್ತವೆ. ಕನ್ನಡವಾಡಿದರೆ ದಂಡ ಎಂಬ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ಖಂಡಿಸುವುದು ಸುಲಭ. ಅಂತಹ ಶಾಲೆಗೆ ಮಗುವನ್ನು ಕಳಿಸಿದ ತಾಯಿಯ ಲೆಕ್ಕಾಚಾರವನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಅದು ಮಾತ್ರವೇ ಫಲ ಕೊಡಬಲ್ಲ ಕೆಲಸ.

ಇಬ್ಬರು ಅಧ್ಯಾಪಕರು, ಎರಡು ಉಪನ್ಯಾಸಗಳು

೧೮೯೨ರ ನವೆಂಬರಿನಲ್ಲಿ ಡಗ್ಲಸ್ ಹೈಡ್ ಡಬ್ಲಿನ್ನಿನಲ್ಲಿ ಐರ್ಲೆಂಡಿನ ಆಂಗ್ಲೀಕರಣವನ್ನು ಹಿಮ್ಮೆಟ್ಟಿಸುವ ಅಗತ್ಯವನ್ನು ಕುರಿತು ಉಪನ್ಯಾಸ ನೀಡಿದರು. ಇಂಗ್ಲಿಷರನ್ನು ದ್ವೇಷಿಸುತ್ತಲೇ ಅವರನ್ನು ಅನುಕರಿಸುವ ತನ್ನ ಜನರ ವಿಪರ್ಯಾಸವನ್ನು ಅವರು ಅಲ್ಲಿ ಎತ್ತಿ ತೋರಿಸಿದರು. ಮುಂದಿನ ವರ್ಷವೇ ಗೇಲಿಕ್ ಲೀಗ್ ಹುಟ್ಟಿತು. ಹೈಡ್ ಅದರ ಮೊದಲ ಅಧ್ಯಕ್ಷರಾದರು. ೧೯೩೮ರಲ್ಲಿ ಅವರು ಐರ್ಲೆಂಡಿನ ಪ್ರಥಮ ರಾಷ್ಟ್ರಾಧ್ಯಕ್ಷರೂ ಆದರು. ಇದಾದ ಹತ್ತೊಂಬತ್ತು ವರ್ಷಗಳ ಬಳಿಕ, ೧೯೧೧ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಇಂಗ್ಲಿಷ್ ಅಧ್ಯಾಪಕರೊಬ್ಬರು ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ಕುರಿತು ಮಾತನಾಡಿದರು. ಬಿ.ಎಂ. ಶ್ರೀಕಂಠಯ್ಯನವರ ಈ ಭಾಷಣವನ್ನು ಹೊಸಗನ್ನಡದ ಅರುಣೋದಯದೊಂದಿಗೆ ಇಟ್ಟು ನೋಡುವುದು ನಮ್ಮಲ್ಲಿ ರೂಢಿ. ಹೈಡ್ ಅವರ ಉಪನ್ಯಾಸದ ಪಕ್ಕದಲ್ಲಿಟ್ಟು ನೋಡಿದರೆ ಅದರ ಬೇರೊಂದು ಮುಖ ಕಾಣುತ್ತದೆ.

ಹೈಡ್ ಅವರ ಮನೆಮಾತು ಇಂಗ್ಲಿಷ್. ಪ್ರೊಟೆಸ್ಟೆಂಟ್ ಪಾದ್ರಿಯ ಮಗನಾದ ಅವರು ಐರಿಷನ್ನು ಕಲಿತದ್ದು ರಾಸ್‌ಕಾಮನ್ ಸೀಮೆಯ ಹಳ್ಳಿಗರ ಬಾಯಿಂದ. ಹೀಗೆ ಅವರು ತಮ್ಮದಲ್ಲದ ನುಡಿಯನ್ನು ತಮ್ಮದಾಗಿಸಿಕೊಂಡು ಅದರ ಪರವಾಗಿ ಇಂಗ್ಲಿಷಿನಲ್ಲಿ ವಾದಿಸಿದರು. ಶ್ರೀಯವರ ಸ್ಥಿತಿ ಇದಕ್ಕೆ ವಿರುದ್ಧ. ಕನ್ನಡ ಅವರ ಕಾಲಡಿಯ ನೆಲ, ಇಂಗ್ಲಿಷ್ ಅವರ ವೃತ್ತಿ. ಹೈಡ್ ಇಂಗ್ಲಿಷಿನ ಅನುಕರಣೆಯನ್ನು ಕಳಚುವ ದಾರಿ ಹುಡುಕಿದರೆ, ಶ್ರೀ ಇಂಗ್ಲಿಷಿನ ಸತ್ತ್ವವನ್ನು ಕನ್ನಡಕ್ಕೆ ಹಾಯಿಸುವ ಕಾಲುವೆ ತೋಡಿದರು. ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದಿತು. ಇಂಗ್ಲಿಷಿನಿಂದ ತರಬಹುದು ಎಂಬ ಧೈರ್ಯ ಬರುವುದು ತರಲು ಮನೆಯೊಂದು ಉಳಿದಿದ್ದಾಗ ಮಾತ್ರ. ಶ್ರೀಯವರ ಔದಾರ್ಯವನ್ನು ಕೊಂಡಾಡುವಾಗ ಆ ಔದಾರ್ಯಕ್ಕೆ ಆಧಾರವಾಗಿದ್ದ ಹಳ್ಳಿಶಾಲೆಗಳ ಕನ್ನಡವನ್ನು, ಮನೆಮನೆಯ ಗದುಗಿನ ಭಾರತ ವಾಚನವನ್ನು ನೆನೆಯುವುದು ಕಡಿಮೆ. ಐರ್ಲೆಂಡಿನಲ್ಲಿ ಒಬ್ಬ ಶ್ರೀ ಹುಟ್ಟಲು ೧೮೯೨ರ ವೇಳೆಗಾಗಲೇ ತಡವಾಗಿತ್ತು.

ಐರ್ಲೆಂಡಿನ ಈ ಅನುಭವ ಕನ್ನಡಕ್ಕೆ ನೇರವಾಗಿ ತಾಕಿದ ಪ್ರಸಂಗವೊಂದು ಕನ್ನಡ ಓದುಗರಿಗೆಲ್ಲ ತಿಳಿದದ್ದೇ. ೧೯೨೨ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆಯನ್ನು ಹೊರತಂದಿದ್ದ ವಿದ್ಯಾರ್ಥಿ ಕುವೆಂಪು ಅವರು, ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ತಾಯ್ನುಡಿಯಲ್ಲಿ ಬರೆಯುವಂತೆ ಕಸಿನ್ಸ್ ಸಲಹೆಯಿತ್ತರು. ಈ ಕಥೆಯನ್ನು ಹೇಳುವಾಗ ಕಸಿನ್ಸ್ ‘ಒಬ್ಬ ಪಾಶ್ಚಾತ್ಯ ಕವಿ’ ಅಥವಾ ‘ಆಂಗ್ಲ ಕವಿ’ಯಾಗಿಬಿಡುವುದುಂಟು. ಅವರು ಇಂಗ್ಲಿಷರಲ್ಲ. ೧೮೭೩ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಡಬ್ಲಿನ್ನಿನಲ್ಲಿ ಯೇಟ್ಸ್ ಮತ್ತು ಎ.ಇ. ಅವರ ಒಡನಾಟದಲ್ಲಿ ಐರಿಷ್ ಸಾಹಿತ್ಯಕ ಪುನರುಜ್ಜೀವನದ ಭಾಗವಾಗಿದ್ದು, ೧೯೧೫ರಲ್ಲಿ ಆನಿ ಬೆಸೆಂಟ್ ಅವರ ಕರೆಗೆ ಓಗೊಟ್ಟು ಭಾರತಕ್ಕೆ ಬಂದವರು. ಪಾವಗಡದ ಪೂರ್ವಕ್ಕಿರುವ ರಾಯಲಸೀಮೆಯ ಮದನಪಲ್ಲಿಯಲ್ಲಿ ಬಹುಕಾಲವಿದ್ದು ೧೯೫೬ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದರು. ತಾಯ್ನುಡಿಯಲ್ಲಿ ಬರೆ ಎಂದ ಕಸಿನ್ಸ್ ಸ್ವತಃ ಕಾವ್ಯ ಬರೆದದ್ದು ಇಂಗ್ಲಿಷಿನಲ್ಲಿ. ಹೀಗಾಗಿ ಆ ಸಲಹೆಯನ್ನು ಉದಾರಿಯಾದ ವಿದೇಶೀಯನೊಬ್ಬನ ಸೌಜನ್ಯವೆಂದಷ್ಟೇ ಓದುವುದು ಸಾಲದು. ನುಡಿಯನ್ನು ಕಳೆದುಕೊಂಡ ನಾಡಿನಿಂದ ಬಂದವನ ಎಚ್ಚರವೂ ಅದರಲ್ಲಿದೆ. ಕುವೆಂಪು ಇಂಗ್ಲಿಷನ್ನು ಬಿಡಲಿಲ್ಲ, ಕನ್ನಡಕ್ಕೆ ಬಂದರು. ಬೇಂದ್ರೆಯವರ ಮೇಲಿನ ಎ.ಇ. ಪ್ರಭಾವವನ್ನು, ಅಡಿಗರ ಮೇಲಿನ ಯೇಟ್ಸ್ ಪ್ರಭಾವವನ್ನು ನಮ್ಮ ವಿಮರ್ಶೆ ಗುರುತಿಸಿದೆ. ಆದರೆ ಇವರನ್ನೆಲ್ಲ ‘ಇಂಗ್ಲಿಷ್ ಸಾಹಿತ್ಯ’ದ ಖಾತೆಗೆ ಜಮಾ ಮಾಡಿಯೇ ಗುರುತಿಸಿದೆ. ಇವರ ಇಂಗ್ಲಿಷಿನ ಕೆಳಗೆ ಇನ್ನೊಂದು ನುಡಿಯಿತ್ತು ಎಂಬುದು ತರಗತಿಗಳಲ್ಲಿ ಚರ್ಚೆಯಾಗುವುದು ವಿರಳ.

ಇಂಗ್ಲಿಷಿನ ಕೆಳಗಿನ ನುಡಿ

ಹಾಗಾದರೆ ಐರ್ಲೆಂಡಿಗೆ ಹೋದ ಕನ್ನಡದ ವಿದ್ಯಾರ್ಥಿಯ ಕಿವಿಗೆ ಮೊದಲು ಬೀಳುವುದೇನು? ವ್ಯಾಕರಣ ಪುಸ್ತಕ ತಪ್ಪೆನ್ನುವ ಇಂಗ್ಲಿಷ್. ‘ಈಗಷ್ಟೇ ಊಟ ಮಾಡಿದೆ’ ಎನ್ನಲು ಅಲ್ಲಿನವರು ‘ಐ ಆಮ್ ಆಫ್ಟರ್ ಈಟಿಂಗ್’ ಎನ್ನುತ್ತಾರೆ. ಊಟವಾದ ನಂತರದ ಸ್ಥಿತಿಯಲ್ಲಿ ತಾನಿದ್ದೇನೆ ಎಂದು ಹೇಳುವ ಐರಿಷ್ ವಾಕ್ಯರಚನೆಯ ಪಡಿಯಚ್ಚು ಇದು. ನಮ್ಮ ‘ಊಟ ಮಾಡಿ ಆಯ್ತು’ ಎಂಬುದಕ್ಕೂ ಇದಕ್ಕೂ ದೂರವೇನಿಲ್ಲ. ಐರಿಷ್‌ನಲ್ಲಿ ಇಂಗ್ಲಿಷಿನ ‘ಯೆಸ್’, ‘ನೋ’ಗಳಿಗೆ ಸಮನಾದ ಪದಗಳಿಲ್ಲ, ಪ್ರಶ್ನೆಯ ಕ್ರಿಯಾಪದವನ್ನೇ ಉತ್ತರದಲ್ಲಿ ಮರಳಿಸಬೇಕು. ಆದ್ದರಿಂದ ಬರುತ್ತೀಯಾ ಎಂದು ಕೇಳಿದರೆ ಐರಿಷ್ ಮನುಷ್ಯ ಇಂಗ್ಲಿಷಿನಲ್ಲೂ ‘ಐ ವಿಲ್’ ಎಂದೇ ಉತ್ತರಿಸುವುದು ಸಾಮಾನ್ಯ. ‘ಬರ್ತೀಯಾ?’ ‘ಬರ್ತೀನಿ’ ಎನ್ನುವ ನಮ್ಮ ರೂಢಿಯೂ ಇದೇ. ಒಬ್ಬನನ್ನು ಕರೆಯಲೂ ಹಲವರನ್ನು ಕರೆಯಲೂ ಇಂಗ್ಲಿಷಿನಲ್ಲಿ ಇರುವುದು ‘ಯೂ’ ಒಂದೇ; ಅದು ಸಾಲದೆ ಐರಿಷರು ಬಹುವಚನಕ್ಕೆ ‘ಯೀ’, ‘ಯೂಸ್’ ಎಂಬ ರೂಪಗಳನ್ನು ಬಳಸುತ್ತಾರೆ. ನೀನು–ನೀವು ಭೇದದಲ್ಲಿ ಬೆಳೆದವರಿಗೆ ಆ ಕೊರತೆಯ ಅರಿವು ತಾನಾಗಿಯೇ ಇರುತ್ತದೆ. ಗೌರವಸೂಚಕ ಬಹುವಚನ ಮಾತ್ರ ಅಲ್ಲಿ ಸಿಗದು.

ಮೂಲ ಐರಿಷ್‌ಗೆ ಹೋದರೆ ಇನ್ನಷ್ಟು ಸೋಜಿಗವಿದೆ. ಅದರಲ್ಲಿ ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಕ್ರಿಯಾಪದವಿಲ್ಲ. ಪುಸ್ತಕವು ನನ್ನಲ್ಲಿ ಇದೆ ಎಂದೇ ಹೇಳಬೇಕು. ಹಸಿವು ನನ್ನ ಮೇಲಿದೆ, ದುಃಖ ನನ್ನ ಮೇಲಿದೆ ಎನ್ನಬೇಕು. ‘ನನಗೆ ಹಸಿವಾಗಿದೆ’ ಎನ್ನುವ ಕನ್ನಡದಲ್ಲಿಯೂ ಅನುಭವಿಸುವವನು ಕರ್ತೃವಲ್ಲ. ಅನುಭವ ಅವನ ಬಳಿಗೆ ಬರುತ್ತದೆ. ಇವೆರಡೂ ಬೇರೆ ಬೇರೆ ಭಾಷಾಕುಟುಂಬಕ್ಕೆ ಸೇರಿದ ನುಡಿಗಳು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದರೆ ಐರಿಷ್‌ನಲ್ಲಿ ಅದು ಮೊದಲಿಗೇ ಬರುತ್ತದೆ. ಆದುದರಿಂದ ಈ ಸಾಮ್ಯ ರಚನೆಗೆ ಸಂಬಂಧಿಸಿದ್ದೇ ಹೊರತು ಬಳಗಕ್ಕೆ ಸಂಬಂಧಿಸಿದ್ದಲ್ಲ. ಇದರಿಂದ ಪ್ರಾಚೀನ ಸಂಬಂಧದ ಊಹೆಗಳನ್ನು ಕಟ್ಟುವ ಉತ್ಸಾಹಕ್ಕೆ ಇಲ್ಲಿ ಎಡೆಯಿಲ್ಲ.

ಆದರೆ ಮೌಲ್ಯಮಾಪನದ ಪ್ರಶ್ನೆ ಇಲ್ಲಿ ಏಳುತ್ತದೆ. ಕೊರಟಗೆರೆಯ ಹುಡುಗಿಯೊಬ್ಬಳು ‘ಅಲ್ಲೇ’ ಎಂಬುದನ್ನು ‘ದೇರ್ ಓನ್ಲಿ’ ಎಂದೂ, ‘ಹತ್ತತ್ತು ರೂಪಾಯಿ’ಯನ್ನು ‘ಟೆನ್ ಟೆನ್ ರುಪೀಸ್’ ಎಂದೂ ಹೇಳಿದರೆ ಅದು ಕೆಂಪು ಶಾಯಿಗೆ ಗುರಿಯಾಗುತ್ತದೆ. ಐರಿಷ್ ರೈತನ ‘ಆಫ್ಟರ್ ಈಟಿಂಗ್’ ಕೂಡ ಒಂದು ಕಾಲಕ್ಕೆ ಲಂಡನ್ನಿನ ರಂಗಭೂಮಿಯಲ್ಲಿ ನಗೆಪಾಟಲಿನ ಸರಕಾಗಿತ್ತು. ಯೇಟ್ಸ್ ಸಲಹೆಯಂತೆ ಪಶ್ಚಿಮದ ಅರಾನ್ ದ್ವೀಪಗಳಿಗೆ ೧೮೯೮ರಿಂದ ಹಲವು ಬಾರಿ ಹೋಗಿಬಂದ ಜೆ.ಎಂ. ಸಿಂಜ್ ಆ ಮಾತನ್ನೇ ರಂಗದ ಕಾವ್ಯವಾಗಿಸಿದ ಬಳಿಕ ಅದರ ಸ್ಥಾನ ಬದಲಾಯಿತು. ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ (೧೯೦೭) ನಾಟಕದ ಮೊದಲ ಪ್ರಯೋಗಗಳ ವೇಳೆ ಡಬ್ಲಿನ್ನಿನಲ್ಲಿ ಗಲಭೆಯೇ ಆಯಿತೆಂಬುದು ನಿಜ. ಇಂದು ಆ ಭಾಷೆ ಪಠ್ಯದಲ್ಲಿದೆ. ತಪ್ಪು ಮತ್ತು ಶೈಲಿಗಳ ನಡುವಿನ ಗೆರೆಯನ್ನು ಎಳೆಯುವುದು ವ್ಯಾಕರಣವಲ್ಲ, ಅಧಿಕಾರ. ಪರೀಕ್ಷೆಗೆ ಬೇಕಾದ ಇಂಗ್ಲಿಷನ್ನು ಕಲಿಸುವುದು ಬೇಡವೆಂದು ಇದರ ಅರ್ಥವಲ್ಲ. ಆ ಹುಡುಗಿಯ ವಾಕ್ಯದಲ್ಲಿ ಕನ್ನಡದ ಅವಧಾರಣೆ, ದ್ವಿರುಕ್ತಿಗಳು ಕೆಲಸ ಮಾಡುತ್ತಿವೆ ಎಂದು ತಿಳಿಸಿ ತಿದ್ದುವುದಕ್ಕೂ ‘ಹಳ್ಳಿ ಇಂಗ್ಲಿಷ್’ ಎಂದು ನಗುವುದಕ್ಕೂ ಅಂತರವಿದೆ. ಇಂಗ್ಲಿಷ್ ಅಧ್ಯಾಪಕರಿಗೆ ಕನ್ನಡ ವ್ಯಾಕರಣದ ನೆರವು ಬೇಕಾಗುವುದು ಇಲ್ಲಿಯೇ. ಅದನ್ನು ಒದಗಿಸಬಲ್ಲವರು ಕನ್ನಡ ವಿಭಾಗದವರು.

ಕಚೇರಿಯ ಪದಗಳು ಮತ್ತು ಬಸ್ಸಿನ ಫಲಕ

ಡಬ್ಲಿನ್ನಿಗೆ ಹೊಸದಾಗಿ ಬಂದವರನ್ನು ಕಾಡುವ ಇನ್ನೊಂದು ಸಂಗತಿ ಫಲಕಗಳು. ರಸ್ತೆಯ ಫಲಕಗಳಲ್ಲಿ ಮೇಲೆ ಓರೆ ಅಕ್ಷರಗಳಲ್ಲಿ ಐರಿಷ್, ಕೆಳಗೆ ದೊಡ್ಡಕ್ಷರಗಳಲ್ಲಿ ಇಂಗ್ಲಿಷ್. ನಗರದ ನಡುಭಾಗಕ್ಕೆ ಹೋಗುವ ಬಸ್ಸಿನ ಮೇಲೆ ‘ಆನ್ ಲಾರ್’ ಎಂದಿರುವುದನ್ನು ಕಂಡು ಅದು ಯಾವ ಊರೆಂದು ತಡಕಾಡುವವರುಂಟು. ‘ನಡು’ ಎಂದಷ್ಟೇ ಅದರರ್ಥ. ಪ್ರಧಾನಿ ‘ತೀಷಖ್’, ಪೊಲೀಸರು ‘ಗಾರ್ಡಾ’. ೧೯೩೭ರ ಸಂವಿಧಾನದ ಪ್ರಕಾರ ಐರಿಷ್ ಪ್ರಥಮ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ೨೦೦೩ರಲ್ಲಿ ಅಧಿಕೃತ ಭಾಷೆಗಳ ಕಾಯ್ದೆ ಬಂತು. ೨೦೦೭ರಲ್ಲಿ ಐರೋಪ್ಯ ಒಕ್ಕೂಟದ ಭಾಷೆಯಾಗಿ ಮಾನ್ಯತೆ ದೊರೆಯಿತು. ಇಷ್ಟೆಲ್ಲ ಇದ್ದರೂ ೨೦೨೨ರ ಜನಗಣತಿಯಲ್ಲಿ ಸುಮಾರು ೧೮.೭ ಲಕ್ಷ ಜನ ಐರಿಷ್ ಮಾತನಾಡಬಲ್ಲೆವೆಂದು ಹೇಳಿಕೊಂಡರೆ, ಶಾಲೆಯ ಹೊರಗೆ ಅದನ್ನು ಪ್ರತಿದಿನ ಬಳಸುವವರ ಸಂಖ್ಯೆ ೭೨ ಸಾವಿರದ ಆಸುಪಾಸಿನಲ್ಲಿತ್ತು. ಅಧಿಕೃತ ಭಾಷೆಯ ಸ್ಥಾನ, ಕಡ್ಡಾಯ ಪಠ್ಯ, ಫಲಕ ಇವು ಮೂರೂ ಸಿಕ್ಕಿದ ಮೇಲೂ ನುಡಿಯೊಂದು ಅಡುಗೆಮನೆಗೆ ಮರಳದೆ ಇರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಫಲಕದ ಹೋರಾಟಗಳಲ್ಲಿಯೇ ಶಕ್ತಿ ವ್ಯಯಿಸುವ ಕನ್ನಡಪರ ಸಂಘಟನೆಗಳು ಈ ಎರಡು ಅಂಕಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಶಿರಾದ ಚರಿತ್ರೆ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ಕೊಡುತ್ತದೆ. ೧೬೮೭ರಲ್ಲಿ ಮೊಗಲರ ಸುಬಾ ಆಗಿ ಶಿರಾ ಆಡಳಿತ ಕೇಂದ್ರವಾಯಿತು. ಕಚೇರಿಯ ಭಾಷೆ ಫಾರಸಿ. ತಹಶೀಲ್ದಾರ, ಶಿರಸ್ತೇದಾರ, ಜಮಾಬಂದಿ, ಖಾತೆ, ಕಚೇರಿ ಮುಂತಾದ ಪದಗಳು ಮುಸ್ಲಿಂ ಮತ್ತು ಮರಾಠಾ ಆಡಳಿತಗಳ ಮೂಲಕ ಕನ್ನಡದ ರೈತನ ಬಾಯಿಗೆ ಬಂದವು. ಕನ್ನಡವನ್ನು ಮನೆಯಿಂದ ಹೊರಹಾಕಲಿಲ್ಲ. ಫಾರಸಿ ಕಲಿತವನು ಕಚೇರಿಯಲ್ಲಿ ಫಾರಸಿಯವನಾಗಿದ್ದು ಸಂಜೆ ಮನೆಗೆ ಕನ್ನಡಿಗನಾಗಿಯೋ ತೆಲುಗನಾಗಿಯೋ ಮರಳಬಹುದಿತ್ತು. ಐರ್ಲೆಂಡಿನಲ್ಲಿ ಕಚೇರಿಯ ಪದಗಳು ಐರಿಷ್, ಮನೆಯ ಮಾತು ಇಂಗ್ಲಿಷ್. ಶಿರಾದಲ್ಲಿ ಕಚೇರಿಯ ಪದಗಳು ಫಾರಸಿ, ಮನೆಯ ಮಾತು ಕನ್ನಡ. ಯಾವುದು ಲೇಸೆಂದು ಹೇಳಬೇಕಾದ ಅಗತ್ಯವಿಲ್ಲ.

ಭಾಷೆ ತಿಳಿದೂ ತಿಳಿಯದ ಸಂಸ್ಕೃತಿ

ಇಂಗ್ಲಿಷ್ ಬಂದರೆ ಅನ್ಯನಾಡು ತನ್ನದಾಗುತ್ತ‍ದೆ ಎಂಬ ನಂಬಿಕೆಯನ್ನು ಕಠೋರವಾಗಿ ಪ್ರಶ್ನಿಸಿದ ಘಟನೆಯೊಂದು ಕರ್ನಾಟಕಕ್ಕೆ ಸಂಬಂಧಿಸಿಯೇ ಇದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ೨೦೧೨ರ ಅಕ್ಟೋಬರ್ ೨೮ರಂದು ಗಾಲ್ವೇಯ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡರು. ಹದಿನೇಳು ವಾರಗಳ ಗರ್ಭ ನಿಲ್ಲುವುದಿಲ್ಲವೆಂದು ತಿಳಿದ ಮೇಲೆ ಅವರು ಗರ್ಭಪಾತವನ್ನು ಕೋರಿದ್ದರು. ಭ್ರೂಣದ ಹೃದಯ ಮಿಡಿಯುತ್ತಿರುವ ಕಾರಣಕ್ಕೆ ಅದನ್ನು ನಿರಾಕರಿಸಲಾಯಿತು. ಇದು ಕ್ಯಾಥೊಲಿಕ್ ದೇಶ ಎಂಬ ಅರ್ಥದ ಮಾತನ್ನು ತಾನು ಆಡಿದ್ದು ನಿಜವೆಂದು ಸೂಲಗಿತ್ತಿಯೊಬ್ಬರು ೨೦೧೩ರ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸವಿತಾ ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆಡಿದ ಮಾತಿನ ಪ್ರತಿಯೊಂದು ಪದವೂ ಇಬ್ಬರಿಗೂ ತಿಳಿದಿತ್ತು. ಆ ಪದಗಳ ಹಿಂದೆ ನಿಂತಿದ್ದ ಚರ್ಚು, ಕಾನೂನು, ಶತಮಾನಗಳ ಇತಿಹಾಸ ಯಾವ ಭಾಷಾಪರೀಕ್ಷೆಯ ಪಠ್ಯದಲ್ಲಿಯೂ ಇರುವುದಿಲ್ಲ. ಆ ನಾಡು ತನ್ನ ಆ ಮುಖವನ್ನು ಬದಲಿಸಿಕೊಂಡಿತು ಎಂಬುದನ್ನೂ ಹೇಳಬೇಕು: ೨೦೧೮ರ ಮೇ ೨೫ರ ಜನಮತಗಣನೆಯಲ್ಲಿ ಶೇಕಡ ೬೬ರಷ್ಟು ಮತದಾರರು ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ಆ ಚಳವಳಿಯುದ್ದಕ್ಕೂ ಡಬ್ಲಿನ್ನಿನ ಗೋಡೆಗಳ ಮೇಲೆ ಈ ಕನ್ನಡತಿಯ ಮುಖವಿತ್ತು. ‘ಸಂಸ್ಕೃತಿಯ ಅನುಭವ’ ಎಂಬ ಪ್ರವಾಸಿ ಪರಿಭಾಷೆ ಇದರ ಮುಂದೆ ತೀರ ಹಗುರವೆನಿಸುತ್ತದೆ.

ಪಾವಗಡದ ಪ್ರಶ್ನೆ

ಮರಳಿ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಬಂದರೆ, ಐರ್ಲೆಂಡಿನ ಸ್ಥಾನದಲ್ಲಿ ಕನ್ನಡವನ್ನು, ಇಂಗ್ಲೆಂಡಿನ ಸ್ಥಾನದಲ್ಲಿ ಇಂಗ್ಲಿಷನ್ನು ಇಟ್ಟು ಸಮೀಕರಣ ಮಾಡುವುದು ಮೊದಲ ಪ್ರಲೋಭನೆ. ಅದು ಅರ್ಧಸತ್ಯ. ಪಾವಗಡದ ತೆಲುಗು ಮನೆಯ ಮಗುವಿಗೆ ಶಾಲೆಯ ಮೊದಲ ದಿನ ಎದುರಾಗುವ ಅನ್ಯಭಾಷೆ ಕನ್ನಡ. ೧೯೯೪ರ ಭಾಷಾನೀತಿಯ ಆದೇಶ ಮಾತೃಭಾಷಾ ಮಾಧ್ಯಮದ ಹೆಸರಿನಲ್ಲಿ ಬಂದಾಗ ಈ ಮಗುವಿನ ಮಾತೃಭಾಷೆ ಯಾವುದೆಂಬ ಪ್ರಶ್ನೆ ದೊಡ್ಡ ಸಭೆಗಳಲ್ಲಿ ಹೆಚ್ಚು ಕೇಳಿಬರಲಿಲ್ಲ. ೨೦೧೪ರ ಮೇ ೬ರಂದು ಸುಪ್ರೀಂ ಕೋರ್ಟು, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪೋಷಕರೇ ಎಂದು ಹೇಳಿ ಮಾಧ್ಯಮದ ಹೇರಿಕೆಯನ್ನು ತಳ್ಳಿಹಾಕಿತು. ಕನ್ನಡದ ಹೋರಾಟಗಾರರಿಗೆ ಆ ತೀರ್ಪು ಆಘಾತವಾಗಿ ಬಂತು. ಅದರ ಪರಿಣಾಮ ಇಂಗ್ಲಿಷ್ ಮಾಧ್ಯಮದ ಪರವಾಗಿಯೇ ಹರಿಯಿತೆಂಬುದೂ ಸತ್ಯ. ೨೦೦೭–೦೮ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. ೨೦೧೯–೨೦ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಆದರೆ ಪಾವಗಡದ ಕನ್ನಡ ಅಧ್ಯಾಪಕ ತನ್ನ ತರಗತಿಯಲ್ಲಿ ಇಂಗ್ಲಿಷಿನಿಂದ ಒತ್ತರಿಸಲ್ಪಟ್ಟವನೂ ಹೌದು, ತೆಲುಗನ್ನು ಒತ್ತರಿಸುವವನೂ ಹೌದು. ಈ ಇಬ್ಬಗೆಯ ಸ್ಥಾನವನ್ನು ಒಪ್ಪಿಕೊಂಡವನಿಗೆ ಮಾತ್ರ ಐರ್ಲೆಂಡಿನ ಕೋಲು ಪೂರ್ತಿಯಾಗಿ ಕಾಣುತ್ತದೆ.

ಈ ಕೋಲಿಗೆ ಪ್ರತಿಯಾಗಿ ಅದೇ ಐರ್ಲೆಂಡಿನ ಶಾಲೆಗಳಲ್ಲಿ ನಡೆದ ಇನ್ನೊಂದು ಪ್ರಯೋಗವಿದೆ. ೧೯೩೫ರಲ್ಲಿ ಸ್ಥಾಪನೆಗೊಂಡ ಐರಿಷ್ ಜಾನಪದ ಆಯೋಗವು ೧೯೩೭ರಿಂದ ೧೯೩೯ರವರೆಗೆ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಗಳ ಐವತ್ತು ಸಾವಿರದಷ್ಟು ಮಕ್ಕಳನ್ನು ಜಾನಪದ ಸಂಗ್ರಹಕ್ಕೆ ತೊಡಗಿಸಿತು. ವಾರದ ಪ್ರಬಂಧದ ಬದಲಿಗೆ ಮಕ್ಕಳು ಅಜ್ಜ ಅಜ್ಜಿಯರಿಂದ, ನೆರೆಯ ಮುದುಕರಿಂದ ಕಥೆ, ಗಾದೆ, ಮದ್ದು, ಆಟ, ಊರಿನ ಐತಿಹ್ಯಗಳನ್ನು ಕೇಳಿ ಬರೆದು ತರಬೇಕಿತ್ತು. ಆ ನೋಟುಪುಸ್ತಕಗಳು ಇಂದು ಅಂತರಜಾಲದಲ್ಲಿಯೂ ಲಭ್ಯ. ಅವುಗಳಲ್ಲಿ ಹೆಚ್ಚಿನ ಪಾಲು ಇಂಗ್ಲಿಷಿನಲ್ಲಿದೆ ಎಂಬುದನ್ನು ವಿದ್ವಾಂಸರು ಕೊರತೆಯೆಂದು ಎಣಿಸಿಲ್ಲ; ಮನೆಯಲ್ಲಿ ಯಾವ ನುಡಿಯಿತ್ತೋ ಆ ನುಡಿಯಲ್ಲಿ ಮಗು ಬರೆಯಿತು. ಕನ್ನಡದಲ್ಲಿ ಜಾನಪದ ಸಂಗ್ರಹದ ಪರಂಪರೆ ದೊಡ್ಡದು. ಕಾಡುಗೊಲ್ಲರ ಕುರಿತ ತೀ.ನಂ. ಶಂಕರನಾರಾಯಣ ಅವರ ಅಧ್ಯಯನ ಈ ಸೀಮೆಯ ಸಂಶೋಧಕರಿಗೆಲ್ಲ ಪರಿಚಿತ. ಆದರೆ ನಮ್ಮಲ್ಲಿ ಸಂಗ್ರಹಿಸುವವರು ಬಹುಮಟ್ಟಿಗೆ ಹೊರಗಿನಿಂದ ಹೋದ ವಿದ್ವಾಂಸರೇ ಆಗಿದ್ದಾರೆ. ಹಟ್ಟಿಯ ಮಗು ಅಲ್ಲ.

ನಾಲ್ಕು ತಾಲ್ಲೂಕುಗಳ ಈ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಅಂತಹದೊಂದು ಸಂಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೈಗೊಳ್ಳಲು ಹೊಸ ಇಲಾಖೆಯಾಗಲಿ ಅನುದಾನವಾಗಲಿ ಬೇಕಾಗುವುದಿಲ್ಲ. ಕನ್ನಡ ಪಠ್ಯದ ಚಟುವಟಿಕೆಗಳಿಗೆ ಮೀಸಲಾದ ಅವಧಿಗಳೇ ಸಾಕು. ಸಂಗ್ರಹಿಸಿದ್ದರಲ್ಲಿ ಒಂದು ಕಥೆಯನ್ನು ಮಗು ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷಿಗೆ ತಂದರೆ ಆ ಭಾಷೆಯ ಕಲಿಕೆಗೂ ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಇಂಗ್ಲಿಷಿನಲ್ಲಿ ಹೇಳಲು ಆ ಮಗುವಿಗೆ ತನ್ನದೇ ಆದ ಏನಾದರೂ ಇರುತ್ತದೆ. ತೊಡಕು ಬರುವುದು ಅಂಕ ಕೊಡುವಲ್ಲಿ. ಶಿರಾದ ಹಟ್ಟಿಯ ಹುಡುಗ ಜುಂಜಪ್ಪನ ಕಥೆಯನ್ನು ಬರೆದು ತಂದರೆ ಅದನ್ನು ಕನ್ನಡದ ಕೆಲಸವೆಂದು ಒಪ್ಪಲು ಯಾರಿಗೂ ತಕರಾರಿಲ್ಲ. ಪಾವಗಡದ ಹುಡುಗಿ ಅಜ್ಜಿಯ ತೆಲುಗು ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದು ತಂದರೆ, ಕನ್ನಡ ಅಧ್ಯಾಪಕರು ಅದನ್ನು ಯಾವ ಅಂಕಣದಲ್ಲಿ ನಮೂದಿಸಬೇಕೆಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.